ಒಂದೇ ಕರೆಗಂಟೆ, ಎರಡು ಬಾಗಿಲು: ಮೋಡೆಮ್ ಕಲಿಸಬಹುದಾಗಿದ್ದ ಪಾಠ

ಮೈಕ್ರೊಪ್ರೊಸೆಸರ್ ಕುರಿತ ಯಾವ ಪಠ್ಯಪುಸ್ತಕ ತೆಗೆದರೂ ಇಂಟರಪ್ಟ್ ಎಂಬ ಅಧ್ಯಾಯ ಇದ್ದೇ ಇರುತ್ತದೆ. 8085ರ ಐದು ಇಂಟರಪ್ಟ್‌ಗಳ ಹೆಸರು, ಅವುಗಳ ಆದ್ಯತೆಯ ಕ್ರಮ, 8259 ಚಿಪ್ಪಿನ ಒಳಚಿತ್ರ, ಆ ಚಿಪ್ಪಿಗೆ ಬರೆಯಬೇಕಾದ ನಾಲ್ಕು ಆರಂಭಿಕ ಆಜ್ಞಾಪದಗಳು, ಇವಿಷ್ಟನ್ನೂ ವಿದ್ಯಾರ್ಥಿ ಕಲಿಯುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಆದರೆ 1990ರ ದಶಕದಲ್ಲಿ ಇದೇ ವಿದ್ಯಾರ್ಥಿ ಗಣಕಕ್ಕೆ ಒಂದು ಮೋಡೆಮ್ ಕಾರ್ಡನ್ನು ಸಿಕ್ಕಿಸಿ, ಮೌಸ್ ಅಲುಗಿಸಿದೊಡನೆ ಫೋನ್ ಸಂಪರ್ಕ ಕಡಿದುಹೋದಾಗ, ಆ ಅಧ್ಯಾಯಕ್ಕೂ ಈ ತೊಂದರೆಗೂ ನಂಟಿದೆ ಎಂದು ಅವನಿಗೆ ಹೊಳೆಯುತ್ತಿರಲಿಲ್ಲ. ಪುಸ್ತಕದ ಇಂಟರಪ್ಟ್ ಬೇರೆ, ಪೆಟ್ಟಿಗೆಯೊಳಗಿನ ಇಂಟರಪ್ಟ್ ಬೇರೆ ಎಂಬಂತಾಗಿತ್ತು.

ಈ ಲೇಖನ ಎರಡು ಸಂಗತಿಗಳನ್ನು ವಿಮರ್ಶೆಗೆ ಎತ್ತಿಕೊಳ್ಳುತ್ತದೆ. ಒಂದು, ಪಿಸಿ ಎಂಬ ಯಂತ್ರದ ಇಂಟರಪ್ಟ್ ವ್ಯವಸ್ಥೆ. ಇನ್ನೊಂದು, ಅದನ್ನು ನಾವು ಕಲಿಸಿದ ರೀತಿ. ಡಯಲ್-ಅಪ್ ಮೋಡೆಮ್‌ಗಳ ಕಾಲ ಮುಗಿದಿದೆ, ಈಗೇಕೆ ಈ ಮಾತು ಎಂದು ನೀವು ಕೇಳಬಹುದು. ಮೋಡೆಮ್ ಹೋಯಿತು, ನಿಜ. ಆದರೆ ಪಾಠ ಹಾಗೆಯೇ ಉಳಿದಿದೆ, ಅದರಲ್ಲಿನ ಕೊರತೆಯೂ ಉಳಿದಿದೆ.

ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ದೊರಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದಕ್ಕೂ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಅರ್ನೆಟ್ ಜಾಲ ಇತ್ತಾದರೂ ಅದು ಸಂಶೋಧಕರಿಗೆ ಮೀಸಲಾಗಿತ್ತು. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಸೇವೆ ನೀಡಲು ಅವಕಾಶವಾದ ಮೇಲೆ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೂ ಮೋಡೆಮ್ ಬಂತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಗಣಕ ಜೋಡಿಸಿಕೊಡುವ ಸಣ್ಣ ಅಂಗಡಿಗಳು ತೆರೆದವು. ಬಿಡಿಭಾಗ ಬೇಕಾದವರು ಎಸ್.ಪಿ. ರಸ್ತೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಒಳಮೋಡೆಮ್ ಕಾರ್ಡಿನ ಜೊತೆ ಕೈಪಿಡಿ ಇದ್ದರೆ ಅದೃಷ್ಟ, ಇಲ್ಲದಿದ್ದರೆ ಕಾರ್ಡಿನ ಮೇಲೆ ಅಚ್ಚಾಗಿದ್ದ ಪುಟ್ಟ ಕೋಷ್ಟಕವೇ ಗತಿ.

ಜ್ಞಾನಭಾರತಿಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಾಗರಭಾವಿಯ ಮನೆಯಲ್ಲಿ ಇಂಥದೊಂದು ಕಾರ್ಡನ್ನು ಸಿಕ್ಕಿಸುತ್ತಿದ್ದಾಳೆ ಎಂದು ಕಲ್ಪಿಸಿಕೊಳ್ಳಿ. ಮೌಸ್ ಕಾಮ್ 1 ಕಂಡಿಯಲ್ಲಿದೆ. ಕಾಮ್ 2 ಹಿಂಬದಿಯಲ್ಲಿ ಖಾಲಿ ಇದೆ. ಕಾರ್ಡನ್ನು ಕಾಮ್ 3ಕ್ಕೆ ಹೊಂದಿಸಲಾಗಿದೆ. ಕಾಮ್ 1 ಮತ್ತು ಕಾಮ್ 3 ಎರಡು ಬೇರೆ ಬೇರೆ ಕಂಡಿಗಳು, ಜಗಳವೇಕೆ ಬರಬೇಕು? ಮೋಡೆಮ್ ಫೋನ್ ಸಂಖ್ಯೆ ಒತ್ತುತ್ತದೆ, ಆ ಕಡೆಯಿಂದ ಕಿರುಗುಟ್ಟುವ ಸದ್ದೂ ಕೇಳುತ್ತದೆ. ಆಕೆ ಮೌಸನ್ನು ಸರಿಸುತ್ತಾಳೆ. ಪರದೆ ಸ್ತಬ್ಧ. ಅಂಗಡಿಯವರು ಹೇಳುವುದು: ಮೋಡೆಮ್ ಕೆಟ್ಟಿರಬೇಕು, ಇಲ್ಲವೇ ವಿಂಡೋಸ್ ಮತ್ತೆ ಹಾಕಬೇಕು. ಎರಡೂ ನಿಜವಲ್ಲ.

ನಿಜವಾದ ಕಾರಣ ಈ ಕೋಷ್ಟಕದಲ್ಲಿದೆ:

ಕಾಮ್ 1: ವಿಳಾಸ 3ಎಫ್8, ಐಆರ್‌ಕ್ಯೂ 4
ಕಾಮ್ 2: ವಿಳಾಸ 2ಎಫ್8, ಐಆರ್‌ಕ್ಯೂ 3
ಕಾಮ್ 3: ವಿಳಾಸ 3ಇ8, ಐಆರ್‌ಕ್ಯೂ 4
ಕಾಮ್ 4: ವಿಳಾಸ 2ಇ8, ಐಆರ್‌ಕ್ಯೂ 3

ವಿಳಾಸಗಳು ನಾಲ್ಕು, ಇಂಟರಪ್ಟ್ ತಂತಿಗಳು ಎರಡೇ. ಕಾಮ್ 1 ಮತ್ತು 3 ಒಂದೇ ತಂತಿಯಲ್ಲಿವೆ, 2 ಮತ್ತು 4 ಇನ್ನೊಂದರಲ್ಲಿ. ನಾಲ್ಕು ಮನೆಗಳಿಗೆ ನಾಲ್ಕು ಬಾಗಿಲು ಸಂಖ್ಯೆ ಕೊಟ್ಟು ಎರಡೇ ಕರೆಗಂಟೆ ಹಾಕಿಸಿದಂತೆ.

ಹಂಚಿಕೊಂಡರೆ ಏನು ತಪ್ಪು?

ನಮ್ಮ ಪುಸ್ತಕಗಳು ಮೌನವಾಗುವುದು ಸರಿಯಾಗಿ ಈ ಪ್ರಶ್ನೆಯ ಬಳಿ. "ಎರಡು ಸಾಧನಗಳು ಒಂದೇ ಐಆರ್‌ಕ್ಯೂ ಬಳಸಬಾರದು" ಎಂಬ ನಿಯಮ ಕೆಲವು ಕಡೆ ಇರುತ್ತದೆ. ಏಕೆ ಎಂಬುದು ಇರುವುದಿಲ್ಲ. ಕಾರಣವಿಲ್ಲದ ನಿಯಮ ವಿಜ್ಞಾನವಾಗುವುದಿಲ್ಲ, ಶಾಸ್ತ್ರವಾಗುತ್ತದೆ. ಆದ್ದರಿಂದ ಕಾರಣವನ್ನೇ ಮೊದಲು ನೋಡೋಣ. ಕಾರಣ ಒಂದಲ್ಲ, ಮೂರು.

ಮೊದಲನೆಯದು ತರ್ಕದ್ದು. ಒಮ್ಮೆ ಒತ್ತಿದರೆ ಒಮ್ಮೆ ಮಾತ್ರ ನುಡಿದು ಸುಮ್ಮನಾಗುವ ಕರೆಗಂಟೆಯನ್ನು ನೆನೆಸಿಕೊಳ್ಳಿ. ಗುಂಡಿಯನ್ನು ಒತ್ತಿ ಹಿಡಿದಿದ್ದರೂ ಅದು ಮತ್ತೆ ನುಡಿಯುವುದಿಲ್ಲ, ಕೈ ಬಿಟ್ಟು ಮತ್ತೆ ಒತ್ತಬೇಕು. ಈ ಒಂದು ಗಂಟೆಗೆ ಮುಂಬಾಗಿಲಿನಲ್ಲಿ ಒಂದು, ಹಿತ್ತಿಲ ಬಾಗಿಲಿನಲ್ಲಿ ಒಂದು, ಹೀಗೆ ಎರಡು ಗುಂಡಿಗಳಿವೆ. ಬಾಗಿಲು ತೆರೆಯುವವರೆಗೆ ಗುಂಡಿಯಿಂದ ಕೈ ತೆಗೆಯುವುದಿಲ್ಲ ಎಂಬುದು ಬಂದವರ ಅಭ್ಯಾಸ. ಮುಂಬಾಗಿಲಿಗೆ ಬಂದವರು ಒತ್ತಿದರು, ಗಂಟೆ ನುಡಿಯಿತು. ಮನೆಯವರು ಎದ್ದು ಬರುವಷ್ಟರಲ್ಲಿ ಹಿತ್ತಿಲಿಗೂ ಒಬ್ಬರು ಬಂದು ಒತ್ತಿದರು. ಮಂಡಲ ಆಗಲೇ ಕೂಡಿದೆ, ಹೊಸ ಸದ್ದಿಲ್ಲ. ಮುಂಬಾಗಿಲು ತೆರೆಯಿತು, ಅಲ್ಲಿದ್ದವರು ಕೈ ತೆಗೆದರು. ಹಿತ್ತಿಲಿನವರ ಕೈ ಇನ್ನೂ ಗುಂಡಿಯ ಮೇಲಿದೆ, ಹಾಗಾಗಿ ಮಂಡಲ ಬಿಡಲೇ ಇಲ್ಲ. ಇನ್ನು ಮುಂದೆ ಮುಂಬಾಗಿಲಿಗೆ ಯಾರು ಬಂದು ಒತ್ತಿದರೂ ಗಂಟೆ ನುಡಿಯುವುದಿಲ್ಲ. ಒಂದು ಕರೆ ತಪ್ಪಿದ್ದರಿಂದ ಎರಡೂ ಬಾಗಿಲುಗಳು ಮುಚ್ಚಿಹೋದವು.

ಪರದೆ ಸ್ತಬ್ಧವಾಗಿ ನಿಲ್ಲುವುದಕ್ಕೆ ಇದು ಒಂದು ನೇರ ವಿವರಣೆ. ಪಿಸಿಯ ಹಳೆಯ ಐಸಾ ಬಸ್ಸಿನಲ್ಲಿ ಇಂಟರಪ್ಟ್ ತಂತಿ ಶೂನ್ಯದಿಂದ ಒಂದಕ್ಕೆ ಏರುವ ಕ್ಷಣವನ್ನು, ಅಂದರೆ ಅಂಚನ್ನು, 8259 ಗಮನಿಸುತ್ತದೆ. ಏರಿದ ಮೇಲೆ ಅಲ್ಲೇ ನಿಂತ ತಂತಿಯಲ್ಲಿ ಹೊಸ ಅಂಚು ಮೂಡುವುದಿಲ್ಲ.

ಎರಡನೆಯ ಕಾರಣ ವಿದ್ಯುತ್ತಿನದು. ಐಸಾ ಕಾರ್ಡುಗಳು ತಂತಿಯನ್ನು ಮೇಲಕ್ಕೂ ತಳ್ಳುತ್ತವೆ, ಕೆಳಕ್ಕೂ ಎಳೆಯುತ್ತವೆ. ಒಂದು ಕಾರ್ಡು "ಕರೆ ಇದೆ" ಎಂದು ಮೇಲಕ್ಕೆ ತಳ್ಳುವಾಗ ಇನ್ನೊಂದು "ನನಗೇನೂ ಇಲ್ಲ" ಎಂದು ಕೆಳಕ್ಕೆ ಎಳೆದರೆ ತಂತಿಯ ವೋಲ್ಟೇಜು ಎಲ್ಲೋ ನಡುವೆ ನಿಲ್ಲುತ್ತದೆ. ಅದು ಒಂದೂ ಅಲ್ಲ, ಶೂನ್ಯವೂ ಅಲ್ಲ.

ಮೂರನೆಯದು ತಂತ್ರಾಂಶದ್ದು. ಪ್ರತಿ ಐಆರ್‌ಕ್ಯೂಗೂ ಸ್ಮೃತಿಯಲ್ಲಿ ಒಂದೇ ವಿಳಾಸದ ಮನೆ ಇರುತ್ತದೆ. ಇಂಟರಪ್ಟ್ ಬಂದಾಗ ಯಾವ ಉಪಕ್ರಮವನ್ನು ನಡೆಸಬೇಕು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಮೌಸಿನ ಚಾಲಕ ತಂತ್ರಾಂಶ ಮೊದಲು ತನ್ನ ವಿಳಾಸ ಬರೆಯಿತು. ಆಮೇಲೆ ಸಂವಹನ ತಂತ್ರಾಂಶ ಬಂದು ಅದರ ಮೇಲೆ ತನ್ನದನ್ನು ಬರೆಯಿತು. ಹಳೆಯದನ್ನು ನೆನಪಿಟ್ಟುಕೊಂಡು ಮುಂದೆ ದಾಟಿಸುವ ಸೌಜನ್ಯ ಅದಕ್ಕಿಲ್ಲದಿದ್ದರೆ ಮೌಸಿನ ಕರೆಗಳೆಲ್ಲ ಮೋಡೆಮ್ಮಿನ ಮನೆಗೆ ಹೋಗುತ್ತವೆ.

ಹಾಗಿದ್ದರೆ ಕಾಮ್ 3ಕ್ಕೆ ಐಆರ್‌ಕ್ಯೂ 4ನ್ನೇ ಕೊಟ್ಟದ್ದೇಕೆ? ಇದಕ್ಕೂ ಉತ್ತರ ಉಂಟು. ಸರಣಿ ಕಂಡಿಯ 8250 ಚಿಪ್ಪಿನಲ್ಲಿ ಔಟ್ 2 ಎಂಬ ಒಂದು ಹೆಚ್ಚುವರಿ ಹೊರಗಾಲಿದೆ. ಪಿಸಿಯಲ್ಲಿ ಇದನ್ನು ಇಂಟರಪ್ಟ್ ತಂತಿಯ ಬಾಗಿಲಾಗಿ ಬಳಸಿದರು. ಔಟ್ 2 ತೆರೆಯದಿದ್ದರೆ ಆ ಕಂಡಿ ತಂತಿಯಿಂದ ದೂರವೇ ಉಳಿಯುತ್ತದೆ. ಆದ್ದರಿಂದ ಕಾಮ್ 1 ಮತ್ತು ಕಾಮ್ 3 ಒಂದಾದ ಮೇಲೊಂದು ಕೆಲಸ ಮಾಡಬಹುದು, ಏಕಕಾಲಕ್ಕೆ ಸಾಧ್ಯವಿಲ್ಲ. ಒಂದು ಹೊತ್ತಿಗೆ ಒಂದೇ ಕಾರ್ಯಕ್ರಮ ನಡೆಯುತ್ತಿದ್ದ ಡಾಸ್ ಕಾಲಕ್ಕೆ ಇದು ಒಪ್ಪುವ ಮಾತು. ಮೌಸ್ ಸದಾ ಎಚ್ಚರವಾಗಿರುವ ವಿಂಡೋಸ್ ಬಂದ ಮೇಲೆ ಈ ಎಣಿಕೆ ಕುಸಿಯಿತು. ಕೋಷ್ಟಕ ಮಾತ್ರ ಬದಲಾಗಲಿಲ್ಲ.

ವಿನ್ಯಾಸಕಾರರ ಆಯ್ಕೆ

1981ರ ಆಗಸ್ಟ್ 12ರಂದು ಐಬಿಎಂ ಪ್ರಕಟಿಸಿದ ಪಿಸಿಯಲ್ಲಿ ಒಂದೇ 8259 ಚಿಪ್ ಇತ್ತು, ತಂತಿಗಳು ಎಂಟು. 1984ರ ಎಟಿ ಮಾದರಿಯಲ್ಲಿ ಎರಡನೆಯ 8259 ಸೇರಿತು. ಅದನ್ನು ಮೊದಲನೆಯದರ 2ನೇ ತಂತಿಗೆ ಕಟ್ಟಿದ್ದರಿಂದ ಬಳಕೆಗೆ ಸಿಕ್ಕಿದ್ದು 15. ಇದರಲ್ಲಿ ಗಡಿಯಾರಕ್ಕೆ 0, ಕೀಲಿಮಣೆಗೆ 1, ಫ್ಲಾಪಿಗೆ 6, ದಿನಾಂಕದ ಗಡಿಯಾರಕ್ಕೆ 8, ಗಣಿತ ಸಹಸಂಸ್ಕಾರಕಕ್ಕೆ 13, ಹಾರ್ಡ್ ಡಿಸ್ಕಿಗೆ 14. ಎರಡು ಸರಣಿ ಕಂಡಿಗಳಿಗೆ 4 ಮತ್ತು 3, ಮುದ್ರಕಕ್ಕೆ 7. ಪಿಎಸ್/2 ಮೌಸ್ ಇದ್ದರೆ 12, ಎರಡನೆಯ ಡಿಸ್ಕ್ ಮಾರ್ಗವಿದ್ದರೆ 15. ಉಳಿದದ್ದು 5, 9, 10, 11.

ನಾಲ್ಕು ಉಳಿದಿವೆಯಲ್ಲ ಎಂದು ಸಮಾಧಾನಪಡಬೇಡಿ. 10, 11, 12, 14 ಮತ್ತು 15ನೇ ತಂತಿಗಳು ಐಸಾ ಕಂಡಿಯ ಹಿಂದಿನ ಚಿಕ್ಕ ವಿಸ್ತರಣೆಯಲ್ಲಿ ಮಾತ್ರ ಇವೆ. ಅಗ್ಗದ ಮೋಡೆಮ್‌ಗಳಲ್ಲಿ ಹಲವು 8 ಬಿಟ್ಟಿನ ಗಿಡ್ಡ ಕಾರ್ಡುಗಳು. ಅವು ಆ ವಿಸ್ತರಣೆಯನ್ನು ಮುಟ್ಟುವುದೇ ಇಲ್ಲ. ಅವುಗಳ ಪಾಲಿಗೆ ಉಳಿದದ್ದು 5 ಮತ್ತು 9 ಮಾತ್ರ. ಸೌಂಡ್ ಬ್ಲಾಸ್ಟರ್ 16ರಂಥ ಧ್ವನಿ ಕಾರ್ಡು ತಾನಾಗಿಯೇ 5ರಲ್ಲಿ ಕೂರುತ್ತಿತ್ತು. ಹೀಗೆ ಕಾಗದದ ಮೇಲಿನ 15 ಕೈಗೆ ಬರುವಷ್ಟರಲ್ಲಿ 1 ಆಗುತ್ತಿತ್ತು. ಬಳಕೆದಾರನ ಅಜ್ಞಾನದಿಂದ ಮೋಡೆಮ್ ಕೆಲಸ ಮಾಡಲಿಲ್ಲ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಇನ್ನೊಂದು ಅಂಶ ಮುಖ್ಯವಾದದ್ದು. 8259 ಅಂಚನ್ನು ಮಾತ್ರವೇ ಗುರುತಿಸಬಲ್ಲ ಚಿಪ್ಪಲ್ಲ. ಮಟ್ಟವನ್ನೂ ಗುರುತಿಸಬಲ್ಲದು. ಅಂದರೆ ತಂತಿ ಮೇಲಿರುವವರೆಗೆ "ಕರೆ ಇನ್ನೂ ಇದೆ" ಎಂದು ಹೇಳುತ್ತಲೇ ಇರಬಲ್ಲದು. ಮೊದಲ ಆರಂಭಿಕ ಆಜ್ಞಾಪದದ ಡಿ3 ಬಿಟ್ಟು ಶೂನ್ಯವಾದರೆ ಅಂಚು, ಒಂದಾದರೆ ಮಟ್ಟ. ಪಿಸಿಯ ಬಯೋಸ್ ಈ ಪದವನ್ನು ಹದಿನಾರರ ಪದ್ಧತಿಯಲ್ಲಿ 13 ಎಂದು ಬರೆಯುತ್ತದೆ, ಎಟಿಯಲ್ಲಿ 11 ಎಂದು. ಎರಡರಲ್ಲೂ ಡಿ3 ಶೂನ್ಯ. ನಿಮ್ಮ ವಿದ್ಯಾರ್ಥಿಗಳಿಗೆ ಈ ಎರಡು ಸಂಖ್ಯೆಗಳನ್ನು ಬಿಟ್ಟುಗಳಾಗಿ ಬಿಡಿಸಲು ಹೇಳಿ. ಬಾಯಿಪಾಠದ ಕೋಷ್ಟಕ ಒಮ್ಮೆಲೇ ಜೀವಂತವಾಗುತ್ತದೆ, ಮೌಸ್ ನಿಂತುಹೋದದ್ದಕ್ಕೂ ಈ ಒಂದು ಬಿಟ್ಟಿಗೂ ಇರುವ ಸಂಬಂಧ ಕಣ್ಣಿಗೆ ಕಾಣುತ್ತದೆ.

ಇಲ್ಲಿ ವಿನ್ಯಾಸಕಾರರಿಗೂ ನ್ಯಾಯ ಸಲ್ಲಬೇಕು. ಡಿ3 ಬಿಟ್ಟು ಎಂಟೂ ತಂತಿಗಳಿಗೆ ಒಟ್ಟಾಗಿ ಅನ್ವಯಿಸುತ್ತದೆ, ಒಂದೊಂದಕ್ಕೆ ಬೇರೆ ಬೇರೆ ಇಲ್ಲ. ಐಆರ್‌ಕ್ಯೂ 0ಕ್ಕೆ ಸೇರಿದ ಗಡಿಯಾರದ ಚಿಪ್ಪು ಸೆಕೆಂಡಿಗೆ ಸುಮಾರು 18.2 ಬಾರಿ ಚೌಕ ಅಲೆ ಕಳಿಸುತ್ತದೆ. ಅದರ ಆವರ್ತ ಸುಮಾರು 55 ಮಿಲಿಸೆಕೆಂಡು, ಅದರಲ್ಲಿ ಅರ್ಧ ಹೊತ್ತು ತಂತಿ ಮೇಲೆಯೇ ಇರುತ್ತದೆ. ಮಟ್ಟದ ವಿಧಾನ ಆರಿಸಿದ್ದರೆ ಆ 27 ಮಿಲಿಸೆಕೆಂಡು ಪೂರ್ತಿ ಗಡಿಯಾರದ ಇಂಟರಪ್ಟ್ ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ತಡೆಯಲು ಹೆಚ್ಚುವರಿ ಮಂಡಲ ಬೇಕಿತ್ತು. ಅಂಚು ಆರಿಸಿದ್ದು ಅಗ್ಗದ, ಸರಳವಾದ ದಾರಿ. 1981ರ ಒಂಟಿ ಯಂತ್ರಕ್ಕೆ ಅದು ಸಲ್ಲುತ್ತಿತ್ತು.

ಆದರೆ ತಪ್ಪು ಗೊತ್ತಾದ ಮೇಲೂ ಅದು ಹಾಗೆಯೇ ಮುಂದುವರಿಯಿತು ಎಂಬುದು ಟೀಕೆಗೆ ಅರ್ಹ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಬಸ್ ತಂದಿತು. ಅದರಲ್ಲಿ ಇಂಟರಪ್ಟ್ ಮಟ್ಟದ್ದು, ಹಂಚಿಕೊಳ್ಳಲು ಬರುವಂಥದ್ದು. ಔಷಧ ಗೊತ್ತಿತ್ತು, ತಯಾರಿಯೂ ಆಗಿತ್ತು. ಆದರೆ ಹಳೆಯ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ, ಬಳಸಲು ಬೇರೆ ತಯಾರಕರು ಐಬಿಎಂಗೆ ಪರವಾನಗಿ ಶುಲ್ಕ ಕೊಡಬೇಕಿತ್ತು. ಮಾರುಕಟ್ಟೆ ಐಸಾದಲ್ಲೇ ಉಳಿಯಿತು. ನಾಗರಭಾವಿಯ ಆ ಮೇಜಿನ ಮೇಲೆ ಹತ್ತು ವರ್ಷಗಳ ಬಳಿಕ ಸ್ತಬ್ಧವಾದ ಪರದೆಯ ಹಿಂದೆ ತಾಂತ್ರಿಕ ಕಾರಣ ಎಷ್ಟಿತ್ತೋ ವ್ಯಾಪಾರದ ಕಾರಣವೂ ಅಷ್ಟೇ ಇತ್ತು. ಇದನ್ನು ವಿದ್ಯಾರ್ಥಿಗಳಿಗೆ ಹೇಳಬೇಕು. ಯಂತ್ರಗಳು ಆಕಾಶದಿಂದ ಇಳಿದವಲ್ಲ, ಯಾರೋ ಆರಿಸಿದ್ದರ ಫಲ ಎಂಬ ತಿಳಿವಳಿಕೆ ತಾಂತ್ರಿಕ ಶಿಕ್ಷಣದ ಭಾಗವೇ ಹೌದು.

ಜಗಳ ಬಿಡಿಸುವ ಕ್ರಮ

ಆ ಕಾಲದ ಮಾರ್ಗದರ್ಶಿಗಳಲ್ಲಿ ಪರಿಹಾರಗಳ ಪಟ್ಟಿ ಇರುತ್ತಿತ್ತು: ಕಾರ್ಡನ್ನು ಬೇರೆ ಕಂಡಿಗೆ ಹಾಕಿ ನೋಡಿ, ಚಾಲಕ ತಂತ್ರಾಂಶ ಅಳಿಸಿ ಮತ್ತೆ ಹಾಕಿ, ಗಣಕವನ್ನು ಮೂರು ಬಾರಿ ಮರುಚಾಲನೆ ಮಾಡಿ, ಆಗದಿದ್ದರೆ ಫಾರ್ಮ್ಯಾಟ್ ಮಾಡಿ. ಇದರಲ್ಲಿ ಯಾವುದೋ ಒಂದು ಕೆಲವೊಮ್ಮೆ ಫಲ ಕೊಡುತ್ತಿತ್ತು, ಏಕೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇದು ಹರಕೆ ಹೊತ್ತಂತೆ, ಪ್ರಯೋಗ ಮಾಡಿದಂತಲ್ಲ. ಪ್ರಯೋಗವಾಗಬೇಕಾದರೆ ಕ್ರಮ ಹೀಗಿರಬೇಕು.

1. ಮೊದಲು ಲಕ್ಷಣಗಳನ್ನು ಬೇರ್ಪಡಿಸಿ. ಡಯಲ್ ಟೋನ್ ಇಲ್ಲ ಎಂದರೆ ಅದು ಫೋನ್ ತಂತಿಯ ಮಾತು, ಗಣಕದ್ದಲ್ಲ. ಹಳೆಯ ವಿನಿಮಯ ಕೇಂದ್ರಕ್ಕೆ ಸೇರಿದ ಫೋನಾದರೆ ಎಟಿಡಿಟಿ ಆಜ್ಞೆಯ ಬದಲು ಎಟಿಡಿಪಿ ಬೇಕಾಗಬಹುದು, ಅದೂ ಇಂಟರಪ್ಟ್ ಜಗಳವಲ್ಲ. ಮೋಡೆಮ್ ಉತ್ತರಿಸುವುದೇ ಇಲ್ಲ ಎಂದರೆ ವಿಳಾಸವನ್ನು ಅನುಮಾನಿಸಿ. ಉತ್ತರ ಬರುತ್ತದೆ, ಆದರೆ ಹಲವು ಸೆಕೆಂಡು ತಡವಾಗಿ ತುಣುಕು ತುಣುಕಾಗಿ ಬರುತ್ತದೆ ಎಂದರೆ ತಂತ್ರಾಂಶಕ್ಕೆ ಹೇಳಿದ ಐಆರ್‌ಕ್ಯೂ ತಪ್ಪು. ಮೌಸ್ ಅಲುಗಿಸಿದಾಗ ಮಾತ್ರ ಕೆಡುತ್ತದೆ ಎಂದರೆ ಎರಡೂ ಒಂದೇ ತಂತಿಯಲ್ಲಿವೆ. ಎಲ್ಲ ಸರಿಯಿದ್ದು ವೇಗ ಹೆಚ್ಚಿಸಿದಾಗ ಅಕ್ಷರಗಳು ಕಳೆದುಹೋಗುತ್ತವೆ ಎಂದರೆ ಅದರ ಕಾರಣ ಬೇರೆ, ಮುಂದೆ ಹೇಳುತ್ತೇನೆ.

2. ಕಾಗದದ ಮೇಲೆ 0ರಿಂದ 15ರವರೆಗೆ ಸಂಖ್ಯೆ ಬರೆದು, ಯಾವುದು ಯಾರದು ಎಂದು ತುಂಬಿಸಿ. ಡಾಸ್‌ನಲ್ಲಿ ಎಂಎಸ್‌ಡಿ ಎಂಬ ಉಪಕರಣ, ವಿಂಡೋಸ್ 95ರಲ್ಲಿ ಡಿವೈಸ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಪ್ರಾಕ್ ಕಡತಕೋಶದ ಇಂಟರಪ್ಟ್ಸ್ ಕಡತ, ಇವು ನೆರವಿಗಿವೆ. ಆದರೆ ಇವು ಹೇಳುವುದು ತಂತ್ರಾಂಶಕ್ಕೆ ತಿಳಿದದ್ದನ್ನು ಮಾತ್ರ. ಜಂಪರ್ ಏನು ಹೇಳುತ್ತದೆ ಎಂಬುದನ್ನು ಕಾರ್ಡು ತೆಗೆದು ಕಣ್ಣಿನಿಂದಲೇ ನೋಡಬೇಕು.

3. ವಿಳಾಸಕ್ಕೂ ಇದೇ ರೀತಿ ಪಟ್ಟಿ ಮಾಡಿ. 8514/ಎ ಮಾದರಿಯ ಮತ್ತು ಹಲವು ಎಸ್3 ವಿಡಿಯೋ ಕಾರ್ಡುಗಳು 2ಇ8 ವಿಳಾಸವನ್ನು ಬಳಸುತ್ತವೆ. ಅಂಥ ಯಂತ್ರದಲ್ಲಿ ಕಾಮ್ 4 ಆರಿಸಿದರೆ ಇಂಟರಪ್ಟ್ ಸರಿಯಿದ್ದರೂ ಮೋಡೆಮ್ ನಡೆಯದು.

4. ಬಳಸದ ಕಂಡಿಯನ್ನು ಬಯೋಸ್‌ನಲ್ಲಿ ಮುಚ್ಚಿ. ಹೆಚ್ಚಿನ ಮನೆಗಳಲ್ಲಿ ಫಲಿಸಿದ ಪರಿಹಾರ ಇದು: ಮದರ್‌ಬೋರ್ಡಿನ ಕಾಮ್ 2ನ್ನು ನಿಷ್ಕ್ರಿಯಗೊಳಿಸಿ, ಮೋಡೆಮ್ಮಿನ ಜಂಪರನ್ನು ಕಾಮ್ 2, ಐಆರ್‌ಕ್ಯೂ 3ಕ್ಕೆ ಹಾಕುವುದು. ಮುಚ್ಚುವುದು ಮೊದಲು, ಜಂಪರ್ ಆಮೇಲೆ. ಮುಚ್ಚದೆ ಜಂಪರ್ ಹಾಕಿದರೆ ಒಂದೇ ವಿಳಾಸಕ್ಕೆ ಇಬ್ಬರು ಉತ್ತರಿಸುತ್ತಾರೆ, ಜಗಳ ಐಆರ್‌ಕ್ಯೂನಿಂದ ವಿಳಾಸಕ್ಕೆ ವರ್ಗವಾಗುತ್ತದೆ ಅಷ್ಟೆ.

5. ಒಂದು ಬಾರಿಗೆ ಒಂದನ್ನೇ ಬದಲಿಸಿ, ಬರೆದಿಡಿ, ಪರೀಕ್ಷಿಸಿ. ಕಾರ್ಡಿನ ಜಂಪರ್ ಬದಲಿಸಿದರೆ ತಂತ್ರಾಂಶಕ್ಕೂ ಅದನ್ನೇ ಹೇಳಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಸೆಟ್‌ಸೀರಿಯಲ್ ಎಂಬ ಆಜ್ಞೆ ಇದೆ. ಅದು ಕಾರ್ಡನ್ನು ಬದಲಿಸುವುದಿಲ್ಲ, ಕಾರ್ಡು ಎಲ್ಲಿದೆ ಎಂದು ಲಿನಕ್ಸ್‌ಗೆ ತಿಳಿಸುತ್ತದೆ. ಈ ವ್ಯತ್ಯಾಸ ಅರಿಯದೆ ಸಂಜೆಗಟ್ಟಲೆ ಹೊತ್ತು ಕಳೆದವರು ಬಹಳ ಮಂದಿ.

ಈಗ ವೇಗದ ಲೆಕ್ಕ. ಗಣಕ ಮತ್ತು ಮೋಡೆಮ್ ನಡುವಿನ ವೇಗವನ್ನು ಸೆಕೆಂಡಿಗೆ 1,15,200 ಬಿಟ್ಟಿಗೆ ಇಟ್ಟಿದ್ದೀರಿ ಎನ್ನಿ. ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಬಿಟ್ಟು ಸೇರಿ 10 ಬಿಟ್ಟು. ಅಂದರೆ ಸೆಕೆಂಡಿಗೆ 11,520 ಅಕ್ಷರ, ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡು. 8250 ಚಿಪ್ಪಿನಲ್ಲಿ ಬಂದ ಅಕ್ಷರ ಕೂರಲು ಇರುವುದು ಒಂದೇ ಜಾಗ. 87 ಮೈಕ್ರೊಸೆಕೆಂಡಿನೊಳಗೆ ಪ್ರೊಸೆಸರ್ ಬಂದು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಅದರ ಮೇಲೆ ಬೀಳುತ್ತದೆ. 16550ಎ ಚಿಪ್ಪಿನಲ್ಲಿ 16 ಅಕ್ಷರಗಳ ಸಾಲುಮನೆ ಇದೆ. 14 ತುಂಬಿದಾಗ ಕರೆ ಕೊಡು ಎಂದು ಹೊಂದಿಸಿದರೆ ಸುಮಾರು 1.2 ಮಿಲಿಸೆಕೆಂಡಿಗೊಂದು ಇಂಟರಪ್ಟ್ ಸಾಕು, ಕರೆದ ಮೇಲೂ ಎರಡು ಅಕ್ಷರಗಳಷ್ಟು ಬಿಡುವು ಇರುತ್ತದೆ. ಇದು ತರಗತಿಯಲ್ಲಿ ಐದು ನಿಮಿಷದ ಲೆಕ್ಕ. ಆದರೆ ಚಿಪ್ಪಿನ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವ ಬದಲು ಈ ಲೆಕ್ಕ ಮಾಡಿಸಿದರೆ ಸಾಲುಮನೆ ಏಕೆ ಬೇಕು ಎಂಬುದನ್ನು ಮತ್ತೆ ಹೇಳಬೇಕಾಗುವುದಿಲ್ಲ.

ಸಿಕ್ಕಿಸಿದರೆ ಸಾಕು ಎಂಬ ಭರವಸೆ

1993ರಲ್ಲಿ ಐಸಾ ಕಾರ್ಡುಗಳಿಗೆ ಪ್ಲಗ್ ಅಂಡ್ ಪ್ಲೇ ನಿಯಮಾವಳಿ ಬಂತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಅದನ್ನು ಮನೆಮಾತಾಗಿಸಿತು. ಇದರ ಒಳಗಿನ ಉಪಾಯ ನಿಜಕ್ಕೂ ಮೆಚ್ಚುವಂಥದ್ದು. ಪ್ರತಿ ಕಾರ್ಡಿಗೂ 64 ಬಿಟ್ಟಿನ ಗುರುತು, ಅದರೊಡನೆ 8 ಬಿಟ್ಟಿನ ತಾಳೆಸಂಖ್ಯೆ. ಗಣಕ ಒಂದೊಂದೇ ಬಿಟ್ಟನ್ನು ಕೇಳುತ್ತಾ ಹೋಗುತ್ತದೆ. ಆ ಸ್ಥಾನದಲ್ಲಿ ಒಂದು ಇರುವ ಕಾರ್ಡು ಉತ್ತರಿಸುತ್ತದೆ, ಶೂನ್ಯ ಇರುವುದು ಕೇಳಿಸಿಕೊಳ್ಳುತ್ತದೆ. ಬೇರೆಯವರ ಉತ್ತರ ಕೇಳಿದೊಡನೆ ಶೂನ್ಯದ ಕಾರ್ಡು ಆ ಸುತ್ತಿನಿಂದ ಹಿಂದೆ ಸರಿಯುತ್ತದೆ. 72 ಬಿಟ್ಟು ಮುಗಿಯುವಷ್ಟರಲ್ಲಿ ಒಂದೇ ಕಾರ್ಡು ಉಳಿದಿರುತ್ತದೆ. ಅದಕ್ಕೊಂದು ಸಂಖ್ಯೆ ಕೊಟ್ಟು ಮುಂದಿನ ಸುತ್ತು. ಶಾಲೆಯ ಹಾಜರಿ ಪುಸ್ತಕವಿಲ್ಲದೆ ಮಕ್ಕಳೇ ಸಾಲಾಗಿ ಹೆಸರು ಹೇಳಿದಂತೆ.

ಆದರೆ ಭರವಸೆ ಕೊಟ್ಟಷ್ಟು ಫಲ ಬರಲಿಲ್ಲ. ಮೊದಲನೆಯದಾಗಿ, ಜಂಪರ್ ಇರುವ ಹಳೆಯ ಕಾರ್ಡು ಈ ಹಾಜರಿಯಲ್ಲಿ ಮಾತನಾಡುವುದೇ ಇಲ್ಲ. ಅದು ಕೂತ ಜಾಗ ಖಾಲಿ ಎಂದು ಭಾವಿಸಿ ಗಣಕ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿತ್ತು. ಅದಕ್ಕೇ ಬಯೋಸ್‌ನಲ್ಲಿ ಇಂಥಿಂಥ ಐಆರ್‌ಕ್ಯೂ ಹಳೆಯ ಐಸಾ ಕಾರ್ಡಿಗೆ ಮೀಸಲು ಎಂದು ಕೈಯಿಂದಲೇ ಗುರುತಿಸಬೇಕಾಗುತ್ತಿತ್ತು. ಹೊಸದರ ನಡುವೆ ಒಂದು ಹಳೆಯದು ಸೇರಿದರೂ ಎಲ್ಲವೂ ಹಳೆಯ ಕಷ್ಟಕ್ಕೇ ಮರಳುತ್ತಿತ್ತು. ಎರಡನೆಯದಾಗಿ, ಪ್ಲಗ್ ಅಂಡ್ ಪ್ಲೇ ತಂತಿಗಳನ್ನು ಹೆಚ್ಚಿಸಲಿಲ್ಲ. ನಮ್ಮ ಬಡಾವಣೆಗಳಲ್ಲಿ ದಿನ ಬಿಟ್ಟು ದಿನ ನೀರು ಬಿಡುವವರು ಎಷ್ಟೇ ಚೆನ್ನಾಗಿ ವೇಳಾಪಟ್ಟಿ ಮಾಡಿದರೂ ತೊಟ್ಟಿಯ ನೀರು ಹೆಚ್ಚುವುದಿಲ್ಲ. ಇದೂ ಹಾಗೆಯೇ. ಹಂಚಿಕೆ ಸುಧಾರಿಸಿತು, ಕೊರತೆ ನೀಗಲಿಲ್ಲ.

ಕೊರತೆ ನೀಗಿದ್ದು 1992ರಲ್ಲಿ ಮೊದಲ ನಿಯಮಾವಳಿ ಕಂಡ ಪಿಸಿಐ ಬಸ್ ವ್ಯಾಪಕವಾದ ಮೇಲೆ. ಅದರ ತಂತಿ ಮಟ್ಟವನ್ನು ಆಧರಿಸಿದ್ದು, ಕೆಳಗೆ ಎಳೆದರೆ ಕರೆ. ಯಾರೂ ಮೇಲಕ್ಕೆ ತಳ್ಳುವುದಿಲ್ಲ, ಒಂದು ರೋಧಕ ಅದನ್ನು ಮೇಲಿರಿಸುತ್ತದೆ. ಹಾಗಾಗಿ ಎಷ್ಟು ಕಾರ್ಡುಗಳು ಎಳೆದರೂ ವಿದ್ಯುತ್ತಿನ ಜಗಳವಿಲ್ಲ. ಒಬ್ಬರ ಕೆಲಸ ಮುಗಿದರೂ ಇನ್ನೊಬ್ಬರು ಎಳೆದಿದ್ದರೆ ಕರೆ ಉಳಿದೇ ಇರುತ್ತದೆ. ಮೇಲಿನ ಮೂರು ಕಾರಣಗಳಲ್ಲಿ ಎರಡು ಹೀಗೆ ಹೋದವು. ಮೂರನೆಯದಕ್ಕೆ, ಪ್ರತಿ ಚಾಲಕ ತಂತ್ರಾಂಶವೂ ತನ್ನ ಸಾಧನವನ್ನು "ಕರೆದದ್ದು ನೀನೇನಾ?" ಎಂದು ಕೇಳಿ, ಅಲ್ಲವಾದರೆ ಮುಂದಿನವರಿಗೆ ದಾಟಿಸಬೇಕೆಂಬ ಶಿಸ್ತು ಬಂತು. 1998ರ ಪಿಸಿಐ 2.2 ನಿಯಮಾವಳಿಯಿಂದ ತಂತಿಯೇ ಬೇಡ, ಒಂದು ನಿಗದಿತ ವಿಳಾಸಕ್ಕೆ ಸಂದೇಶ ಬರೆದರೆ ಅದೇ ಇಂಟರಪ್ಟ್ ಎಂಬ ಕ್ರಮವೂ ಸೇರಿತು.

ಆದರೆ ಪಿಸಿಐ ಕಾಲದ ಅನೇಕ ಮೋಡೆಮ್‌ಗಳು ಇನ್ನೊಂದು ತೊಡಕು ತಂದವು. ಸಂಕೇತ ಸಂಸ್ಕರಣೆಯ ಕೆಲಸವನ್ನು ಕಾರ್ಡಿನಿಂದ ತೆಗೆದು ಗಣಕದ ಪ್ರೊಸೆಸರ್ ಮೇಲೆ ಹೊರಿಸಿ ಬೆಲೆ ಇಳಿಸಲಾಯಿತು. ವಿನ್‌ಮೋಡೆಮ್ ಎಂದು ಹೆಸರಾದ ಇವುಗಳಲ್ಲಿ ಹಲವಕ್ಕೆ ಲಿನಕ್ಸ್ ಚಾಲಕ ತಂತ್ರಾಂಶವೇ ಸಿಗುತ್ತಿರಲಿಲ್ಲ. ಇಂಟರಪ್ಟ್ ಜಗಳ ಮುಗಿದ ಕಡೆ ಹೊಸ ಪರಾಧೀನತೆ ಶುರುವಾಯಿತು.

ತರಗತಿಯಲ್ಲಿ ಏನು ಮಾಡಬಹುದು?

8085ರ ಪಾಠಕ್ಕೆ ಹಿಂದಿರುಗೋಣ. ಆರ್‌ಎಸ್‌ಟಿ 7.5 ಅಂಚಿನಿಂದ ಚಾಲಿತ, ಆರ್‌ಎಸ್‌ಟಿ 6.5 ಮತ್ತು 5.5 ಮಟ್ಟದಿಂದ ಚಾಲಿತ. ಈ ವಾಕ್ಯವನ್ನು ಬರೆಯದ ವಿದ್ಯಾರ್ಥಿ ಇಲ್ಲ. ಇವೆರಡರ ವ್ಯತ್ಯಾಸದಿಂದ ಹೊರಜಗತ್ತಿನಲ್ಲಿ ಏನಾಗುತ್ತದೆ ಎಂದು ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ತಪ್ಪು ವಿದ್ಯಾರ್ಥಿಯದಲ್ಲ. ಆ ಪ್ರಶ್ನೆಯನ್ನು ಪಾಠ ಎಂದೂ ಕೇಳಿಲ್ಲ. ಒಂದು ದಶಕ ಕಾಲ ಸಾವಿರಾರು ಮನೆಗಳ ಮೇಜಿನ ಮೇಲೆ ಉತ್ತರ ಬಿದ್ದಿತ್ತು, ಪಾಠ ಅತ್ತ ನೋಡಲಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಹಳೆಯ ಗಣಕ ಇಲ್ಲದ ಶಾಲೆಯಲ್ಲೂ ಇದನ್ನು ಇಂದು ತೋರಿಸಬಹುದು. ಒಂದು ಆರ್ಡುಯಿನೊ ಯುನೊ ಫಲಕ ತೆಗೆದುಕೊಳ್ಳಿ. ಅದರ 2ನೇ ಕಾಲನ್ನು ಒಳರೋಧಕದಿಂದ ಮೇಲಿರಿಸಿ. ಆ ಕಾಲಿನಿಂದ ಭೂಮಿಗೆ ಎರಡು ಒತ್ತುಗುಂಡಿಗಳನ್ನು ಸಮಾಂತರವಾಗಿ ಜೋಡಿಸಿ. ಗುಂಡಿಯ ನಡುಕದಿಂದ ಒಂದು ಒತ್ತು ಹಲವಾಗಿ ಎಣಿಕೆಯಾಗದಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ. ತಂತಿ ಇಳಿಯುವ ಅಂಚಿಗೆ ಇಂಟರಪ್ಟ್ ಹೊಂದಿಸಿ, ಪ್ರತಿ ಇಂಟರಪ್ಟಿಗೂ ಎಣಿಕೆ ಒಂದು ಏರಲಿ. ಒಂದೊಂದೇ ಗುಂಡಿ ಒತ್ತಿ ಬಿಡಿ, ಎಣಿಕೆ ಏರುತ್ತದೆ. ಈಗ ಮೊದಲನೆಯದನ್ನು ಒತ್ತಿ ಹಿಡಿದು ಎರಡನೆಯದನ್ನು ಹತ್ತು ಬಾರಿ ಒತ್ತಿ. ಎಣಿಕೆ ಕದಲುವುದಿಲ್ಲ. ಕಾಮ್ 1 ಮತ್ತು ಕಾಮ್ 3ರ ಜಗಳ ಇದೇ.

ಆಮೇಲೆ ಅದೇ ಇಂಟರಪ್ಟನ್ನು ಮಟ್ಟಕ್ಕೆ ಬದಲಿಸಿ, ಮುಖ್ಯ ಕಾರ್ಯಕ್ರಮದಲ್ಲಿ ಒಂದು ಎಲ್‌ಇಡಿ ಮಿನುಗುತ್ತಿರಲಿ. ಯಾವ ಗುಂಡಿ ಒತ್ತಿ ಹಿಡಿದರೂ ಮಿನುಗು ಬಹುಮಟ್ಟಿಗೆ ನಿಂತುಹೋಗುತ್ತದೆ. ಕರೆಯನ್ನು ಯಾರೂ ಮರೆಯಲಿಲ್ಲ, ಆದರೆ ಕರೆದವರನ್ನು ಸುಮ್ಮನಾಗಿಸದೆ ಮುಂದಿನ ಕೆಲಸ ಸಾಗದು. ಅಂಚಿನ ದೋಷ ಯಾವುದು, ಮಟ್ಟದ ಬೆಲೆ ಏನು ಎಂಬುದು ಮಕ್ಕಳಿಗೆ ತಾವಾಗಿಯೇ ತಿಳಿಯುತ್ತದೆ. ಇಡೀ ಪ್ರಯೋಗಕ್ಕೆ ಒಂದು ತರಗತಿಯ ಅವಧಿ ಸಾಕು.

ಹೊಸ ಸಾಧನಗಳಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಒಂದೇ ತಂತಿಗೆ ಹಲವು ಸಂವೇದಕಗಳನ್ನು ಕಟ್ಟಿ ಯೋಜನಾ ಕಾರ್ಯ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿ ಒಂದು ದಿನ "ಸರ್, ಎರಡು ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಂತುಹೋಗುತ್ತದೆ" ಎಂದು ನಿಮ್ಮ ಬಳಿ ಬರಬಹುದು. ಆಗ ಫಲಕ ಕೆಟ್ಟಿದೆ, ಹೊಸದು ತಾ ಎನ್ನುವ ಮೊದಲು ಅಂಚೋ ಮಟ್ಟವೋ, ತಂತಿಯನ್ನು ಯಾರು ಹಿಡಿದಿದ್ದಾರೆ ಎಂದು ಕೇಳಿ. ಕೆಟ್ಟಿವೆ ಎಂದು ಮೂಲೆ ಸೇರಿದ ಎಷ್ಟೋ ಮೋಡೆಮ್‌ಗಳು ಕೆಟ್ಟಿರಲಿಲ್ಲ, ತಪ್ಪಾದ ತಂತಿಯಲ್ಲಿದ್ದವು. ಒಂದು ಜಂಪರ್ ಸರಿಸಿದ್ದರೆ ಸಾಕಿತ್ತು. ಯಾವ ಜಂಪರ್, ಏಕೆ ಎಂದು ಹೇಳಬಲ್ಲವರನ್ನು ತಯಾರಿಸುವುದು ಪಾಠದ ಕೆಲಸ.